ಗ್ರಂಥಭಂಡಾರವೂ ಬೀಗದ ಕೈಯೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ನೆರೆದ ಗ್ರಂಥಾಲಯ ಗೋಷ್ಠಿಯಲ್ಲಿ ಮಾಡಿದ ಭಾಷಣ)

 

ಈ ಗೋಷ್ಠಿಯಲ್ಲಿ ಮಾತನಾಡಬೇಕೆಂದು ಶ್ರೀಸನ್ನಿಧಿಯವರಿಂದ ಅಪ್ಪಣೆಯಾದಾಗ ನಾನು ಹಿಗ್ಗಿದೆನು. ವಿಷಯವು ಗ್ರಂಥಾಲಯವೆಂದು ತಿಳಿದಾಗ ಸ್ವಲ್ಪ ಅಳುಕಿದೆನು. ಅಳುಕಿದ ಕಾರಣವನ್ನು ತಮ್ಮಿಂದ ಮುಚ್ಚಿಡುವುದಿಲ್ಲ. ಶ್ರೀಮಠದ ಹೊಸ ಗ್ರಂಥಾಲಯವು ನಾಳೆ ಬೆಳಗ್ಗೆ ತೆರೆಯಲಿರುವುದು. ಅದಕ್ಕೆ ಪುಸ್ತಕಗಳನ್ನು ಆರಿಸಿದ ಸಮಿತಿಯಲ್ಲಿ ನಾನೂ ಒಬ್ಬನು. ಆ ಸಮಿತಿಯ ಕಡೆಯ ಸಭೆಗೆ ಒಂಬತ್ತು ಪುಸ್ತಕಗಳ ಪಟ್ಟಿಯೊಂದು ಬಂದಿತು. ಇವುಗಳನ್ನು ಹೊರಗಿನ ಕಪಾಟುಗಳಲ್ಲಿ ಇಡಕೂಡದೆಂದೂ, ಪ್ರತ್ಯೇಕ ಬೀರುವಿನಲ್ಲಿಟ್ಟು ಬೀಗ ಹಾಕಿ, ಸಮಿತಿಯ ಅನುಮತಿಪತ್ರವನ್ನು ತಂದವರಿಗೆ ಮಾತ್ರ ಕೊಡತಕ್ಕದ್ದೆಂದೂ ಸೂಚನೆಯಾಗಿತ್ತು. ರಾತ್ರಿ ಬಹಳ ಹೊತ್ತಿನವರೆಗೆ ಚರ್ಚೆ ನಡೆಯಿತು, ತೀರ್ಮಾನವಾಗಲಿಲ್ಲ. ಸಂಗತಿಯನ್ನು ಶ್ರೀಗಳವರಲ್ಲಿ ಅರಿಕೆಮಾಡಿಕೊಂಡಾಗ, ಹೇಳುವುದನ್ನು ಭಕ್ತರ ಎದುರಿನಲ್ಲಿಯೇ ಹೇಳಬೇಕೆಂದು ಅಪ್ಪಣೆ ಕೊಡಿಸಿದರು. ಆದುದರಿಂದ ನಾನೀಗ ಮಾಡುವುದು ಉಪನ್ಯಾಸವೆನ್ನುವುದಕ್ಕಿಂತ ಒಂದು ಬಿನ್ನಹವೆಂದು ತಾವು ತಿಳಿಯಬೇಕು.

ಪಟ್ಟಿಯಲ್ಲಿದ್ದ ಪುಸ್ತಕಗಳು ಎಂತಹವು? ಬಸವಾದಿ ಶರಣರ ಚರಿತ್ರೆಯನ್ನು ಕುರಿತು ಈಚಿನ ಸಂಶೋಧಕರು ಬರೆದವು ನಾಲ್ಕು. ಶರಣರ ಕಾಲವನ್ನು ವಸ್ತುವಾಗಿ ಉಳ್ಳ ಕಥಾಗ್ರಂಥಗಳು ಎರಡು. ನಮ್ಮ ಸಮಾಜದ ಹೆಸರು ಯಾವುದಾಗಬೇಕೆಂಬ ವಿವಾದದಲ್ಲಿ ಇಲ್ಲಿಯ ಬಹುಜನರಿಗೆ ಹಿಡಿಸದ ಪಕ್ಷವನ್ನು ಹಿಡಿದವು ಎರಡು. ದೇವರನ್ನೇ ನಂಬದ ಲೇಖಕರದು ಒಂದು. ಸರಕಾರವು ಕಾಯಿದೆಯಂತೆ ಮುಟ್ಟುಗೋಲು ಹಾಕಿಕೊಂಡ ಪುಸ್ತಕ ಇವುಗಳಲ್ಲಿ ಒಂದೂ ಇಲ್ಲ. ಎಲ್ಲವೂ ಪೇಟೆಯ ಪುಸ್ತಕದಂಗಡಿಯಲ್ಲಿ ಹಣ ಕೊಟ್ಟರೆ ಸಿಕ್ಕುವಂಥವು. ಎಂದ ಮೇಲೆ ನಾವು ಹಾಕುವ ಬೀಗವು ಪುಸ್ತಕಕ್ಕೆ ಬೀಳುವುದಿಲ್ಲ. ಕೊಂಡುಕೊಳ್ಳಲು ಹಣವಿಲ್ಲದೆ ನಮ್ಮ ಬಾಗಿಲಿಗೆ ಬರುವ ಓದುಗನ ಮೇಲೆ ಬೀಳುತ್ತದೆ. ನಮ್ಮ ಪ್ರಸಾದನಿಲಯದ ಹುಡುಗರೇ ಅಂತಹ ಓದುಗರಲ್ಲವೇ?

ಈ ಸೂಚನೆಯನ್ನು ತಂದ ಹಿರಿಯರು ಇಗೋ ಮುಂದಿನ ಸಾಲಿನಲ್ಲಿಯೇ ಕುಳಿತಿರುವರು. ತಲೆತಲಾಂತರದಿಂದ ಶ್ರೀಮಠಕ್ಕೆ ನಡೆದುಕೊಂಡು ಬಂದ ಮನೆತನದವರು. ಗ್ರಂಥಾಲಯದ ಕಟ್ಟಡಕ್ಕೆ ಅವರು ಸಲ್ಲಿಸಿದ ಕಾಣಿಕೆಯು ನನ್ನ ಒಂದು ವರ್ಷದ ಸಂಪಾದನೆಗಿಂತ ಹೆಚ್ಚಿನದು. ಅವರ ಭಕ್ತಿಯನ್ನು ಶಂಕಿಸಿ ನಾನು ಮಾತನಾಡುತ್ತಿಲ್ಲ. ಶರಣರ ಹೆಸರಿಗೆ ಕುಂದು ಬರಬಾರದೆಂಬ ಕಳಕಳಿ ಅವರಿಗಿರುವಷ್ಟೇ ನನಗೂ ಉಂಟು. ನಮ್ಮಲ್ಲಿ ಭೇದವಿರುವುದು ಆ ಹೆಸರನ್ನು ಕಾಯುವ ಉಪಾಯದಲ್ಲಿ.

ನಮ್ಮ ಧರ್ಮಗ್ರಂಥಗಳು ನಮ್ಮ ಕೈಗೆ ಬಂದ ಬಗೆಯನ್ನು ಒಮ್ಮೆ ನೆನೆಯಬೇಕು. 12ನೆಯ ಶತಮಾನದಲ್ಲಿ ಧರ್ಮದ ಮಾತನ್ನು ಓದುವುದು ಕೆಲವರ ಅಧಿಕಾರ, ಕೇಳುವುದು ಇನ್ನು ಕೆಲವರ ಭಾಗ್ಯ, ಎರಡೂ ಇಲ್ಲದಿರುವುದು ಉಳಿದವರ ಪ್ರಾರಬ್ಧ ಎಂಬ ಸ್ಥಿತಿಯಿತ್ತು. ಕಲ್ಯಾಣದ ಶರಣರು ಈ ಅಧಿಕಾರ ಯಾರಿಗುಂಟು, ಯಾರಿಗಿಲ್ಲವೆಂಬುದನ್ನು ಪಂಡಿತರೊಡನೆ ವಾದಮಾಡುತ್ತ ಕೂಡಲಿಲ್ಲ. ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ನುಡಿದು, ಬರೆದು, ಆ ಪ್ರಶ್ನೆಯನ್ನೇ ನಿರರ್ಥಕಗೊಳಿಸಿದರು. ಬಟ್ಟೆ ಒಗೆಯುವ ಮಾಚಯ್ಯನೂ ದೋಣಿ ನಡೆಯಿಸುವ ಚೌಡಯ್ಯನೂ ಹಗ್ಗ ಹೊಸೆಯುವ ಚಂದಯ್ಯನೂ ವಚನಕಾರರಾದರು. ಅಕ್ಕಮಹಾದೇವಿಯಿಂದ ಮೊದಲ್ಗೊಂಡು ಮೂವತ್ತಕ್ಕೂ ಹೆಚ್ಚು ಮಂದಿ ಶರಣೆಯರ ವಚನಗಳು ಇಂದು ದೊರೆಯುತ್ತವೆ. ಒಂದೇ ಕಾಲದಲ್ಲಿ ಇಷ್ಟು ಮಂದಿ ಹೆಣ್ಣುಮಕ್ಕಳು ಧರ್ಮದ ವಿಷಯದಲ್ಲಿ ಬಾಯಿಬಿಚ್ಚಿ ನುಡಿದು, ಆ ನುಡಿಯು ಬರಹವಾಗಿ ಉಳಿದ ಉದಾಹರಣೆಗಳು ಪ್ರಪಂಚದಲ್ಲಿ ವಿರಳ.

ಮುಂದೆ ಬಿಜ್ಜಳನ ವಧೆಯಾಗಿ ಕಲ್ಯಾಣವು ಕದಡಿದಾಗ, ಶರಣರು ವಚನದ ಕಟ್ಟುಗಳನ್ನು ಹೊತ್ತು, ಹಿಂಬಾಲಿಸಿದ ಸೈನ್ಯದೊಡನೆ ಕಾದಾಡುತ್ತ, ಚೆನ್ನಬಸವಣ್ಣನವರ ಮುಂದಾಳುತನದಲ್ಲಿ ಉಳವಿಯ ಕಾಡನ್ನು ಸೇರಿದರೆಂದು ನಮ್ಮ ಪರಂಪರೆಯು ಹೇಳುತ್ತದೆ. ಉಳವಿಯ ಜಾತ್ರೆಗೆ ಹೋದವರೆಲ್ಲರೂ ಈ ಕಥೆಯನ್ನು ಕೇಳಿರುವರು. ಮನೆ, ಹೊಲ, ಒಡವೆಗಳನ್ನು ಬಿಟ್ಟು ಓಡುವಾಗಲೂ ಅವರು ಕೈಬಿಡದೆ ಹೊತ್ತ ಹೊರೆ ಯಾವುದು? ಓಲೆಗರಿಯ ಕಟ್ಟು. ಅರಸೊತ್ತಿಗೆಗೆ ಬೇಡವಾದ ಪುಸ್ತಕವನ್ನು ಉಳಿಸುವುದಕ್ಕಾಗಿ ಪ್ರಾಣ ಕೊಟ್ಟವರ ಸಂತಾನವು ನಾವೆಂದು ಹೇಳಿಕೊಳ್ಳುತ್ತೇವೆ. ನಮಗೆ ಬೇಡವಾದ ಪುಸ್ತಕದ ವಿಷಯದಲ್ಲಿ ನಾವು ಹೇಗೆ ನಡೆದುಕೊಳ್ಳುವೆವೆಂಬುದು ಆ ಹೇಳಿಕೆಯ ಪರೀಕ್ಷೆಯಾಗಿರುತ್ತದೆ.

ಓಲೆಗರಿಯ ಕಾಲದಲ್ಲಿ ಪುಸ್ತಕವನ್ನು ಕೊಲ್ಲುವುದಕ್ಕೆ ಬೆಂಕಿಯೇ ಬೇಕಾಗಿರಲಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಗರಿಗೆ ಆಯುಸ್ಸು ಕೆಲವು ನೂರು ವರುಷ. ಹುಳು ತಿನ್ನುವುದು, ಅಂಚು ಮುರಿಯುವುದು, ದಾರದ ತೂತು ಹರಿಯುವುದು. ಯಾರಾದರೊಬ್ಬರು ಕಂಟವನ್ನು ಹಿಡಿದು ಹೊಸ ಗರಿಯ ಮೇಲೆ ಮತ್ತೆ ಬರೆದರೆ ಗ್ರಂಥವು ಬದುಕಿತು. ಬರೆಯದೆ ಸುಮ್ಮನಿದ್ದರೆ ಅದು ತಾನಾಗಿಯೇ ಸತ್ತಿತು. ಕಲ್ಯಾಣದಿಂದ ಚದುರಿದ ವಚನಗಳಿಗೆ ಈ ಗತಿ ಬರದಂತೆ ತಡೆದವರು 15ನೆಯ ಶತಮಾನದ ವಿರಕ್ತರು. ವಿಜಯನಗರದಲ್ಲಿ 1424ರಿಂದ 1446ರವರೆಗೆ ಆಳಿದ ಪ್ರೌಢದೇವರಾಯನ ಕಾಲದಲ್ಲಿ ಲಕ್ಕಣ್ಣ ದಂಡೇಶ, ಜಕ್ಕಣಾರ್ಯ ಮೊದಲಾದವರ ಆಶ್ರಯದಲ್ಲಿ, ನೂರೊಂದು ವಿರಕ್ತರೆಂದು ಪ್ರಸಿದ್ಧರಾದವರ ನಡುವೆ, ವಚನಗಳನ್ನು ಹುಡುಕಿ, ಕೂಡಿಸಿ, ಸ್ಥಲಗಳಿಗೆ ತಕ್ಕಂತೆ ಜೋಡಿಸಿ, ಟೀಕೆ ಬರೆಯುವ ಕಾರ್ಯವು ನಡೆಯಿತು. ವಿರಕ್ತ ಮಠವೆಂದರೆ ಮೊದಲಿನಿಂದಲೂ ಗ್ರಂಥಭಂಡಾರವೆಂದೇ ಅರ್ಥ. ನಾಳೆ ತೆರೆಯುವುದು ಹೊಸ ಕಟ್ಟಡ, ಕಸುಬು ಹಳೆಯದು.

ಈಗ ಶೂನ್ಯಸಂಪಾದನೆಯ ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುವೆನು, ಏಕೆಂದರೆ ಸಮಿತಿಯಲ್ಲಿ ಎದ್ದ ಪ್ರಶ್ನೆಗೆ ಉತ್ತರವು ಅಲ್ಲಿಯೇ ಇರುವುದೆಂದು ನನ್ನ ನಂಬಿಕೆ. ಅಲ್ಲಮಪ್ರಭುವನ್ನು ನಡುವಿಟ್ಟುಕೊಂಡು ಶರಣರ ವಚನಗಳನ್ನು ಸಂವಾದರೂಪವಾಗಿ ಹೆಣೆದ ಈ ಮಹಾಗ್ರಂಥವನ್ನು ಮೊದಲು ಸಂಪಾದಿಸಿದವರು ಶಿವಗಣಪ್ರಸಾದಿ ಮಹಾದೇವಯ್ಯನವರು. ಆಮೇಲೆ ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗಯತಿಗಳು, ಗೂಳೂರು ಸಿದ್ಧವೀರಣ್ಣೊಡೆಯರು, ಹೀಗೆ ಇನ್ನೂ ಮೂವರು ಅದನ್ನೇ ಮತ್ತೆ ಸಂಪಾದಿಸಿದರು. ಏಕೆ? ಹಿಂದಿನವರು ಮಾಡಿದ್ದು ಎಲ್ಲ ವಿಷಯಗಳಲ್ಲಿಯೂ ಮುಂದಿನವರಿಗೆ ಒಪ್ಪಿಗೆಯಾಗಲಿಲ್ಲ. ಸೊನ್ನಲಿಗೆಯ ಸಿದ್ಧರಾಮಯ್ಯನವರ ಇಷ್ಟಲಿಂಗ ದೀಕ್ಷೆಯ ಪ್ರಸಂಗವು ಇಂತಹ ಭಿನ್ನಾಭಿಪ್ರಾಯಗಳಲ್ಲೊಂದು. ಇದು ಸಣ್ಣ ವಿಷಯವಲ್ಲ, ಮಹಾಶಯರೇ. ಶರಣನೊಬ್ಬನಿಗೆ ಲಿಂಗದೀಕ್ಷೆ ಆಯಿತೇ ಇಲ್ಲವೇ ಎಂಬುದಕ್ಕಿಂತ ನಮ್ಮವರ ಮನಸ್ಸನ್ನು ಕಲಕಬಲ್ಲ ಪ್ರಶ್ನೆ ಬೇರೆ ಯಾವುದಿದ್ದೀತು? ಇಂದು ಅಂತಹದೊಂದು ಪುಸ್ತಕ ಹೊರಟರೆ ಏನಾಗುತ್ತಿತ್ತೋ ತಾವೇ ಊಹಿಸಬಹುದು. ಆ ಹಿರಿಯರು ಏನು ಮಾಡಿದರು? ತಮಗೆ ಸರಿಯೆಂದು ಕಂಡಂತೆ ಇನ್ನೊಂದು ಶೂನ್ಯಸಂಪಾದನೆಯನ್ನು ರಚಿಸಿದರು. ಹಳೆಯದು ನಾಶವಾಗಲಿಲ್ಲ. ನಾಲ್ಕೂ ಉಳಿದವು, ನಾಲ್ಕೂ ಅಚ್ಚಾಗಿವೆ, ನಾಲ್ಕೂ ನಾಳೆಯಿಂದ ನಮ್ಮ ಗ್ರಂಥಾಲಯದಲ್ಲಿ ಒಂದರ ಪಕ್ಕದಲ್ಲೊಂದು ಇರುವುವು.

ಆ ಗ್ರಂಥದ ಒಳಗಿರುವುದನ್ನಾದರೂ ನೋಡಿರಿ. ಅಕ್ಕಮಹಾದೇವಿಯು ಕಲ್ಯಾಣಕ್ಕೆ ಬಂದಾಗ ಪ್ರಭುದೇವರು ಆಕೆಗೆ ಹಾಕಿದ ಪ್ರಶ್ನೆಗಳು ಎಷ್ಟು ಕಟುವಾದವು! ಇಂದಿನ ನಮ್ಮ ಸಭೆಗಳಲ್ಲಿ ಯಾರಾದರೂ ಆ ಮಾತುಗಳನ್ನಾಡಿದರೆ ಅಕ್ಕನ ಅವಹೇಳನವಾಯಿತೆಂದು ನಾವೇ ಎದ್ದು ನಿಲ್ಲುವೆವು. ಸಂಪಾದಕರು ಅವನ್ನು ಮರೆಮಾಚಲಿಲ್ಲ. ಮರೆಮಾಚಿದ್ದರೆ ಅಕ್ಕನ ಉತ್ತರಗಳ ತೇಜಸ್ಸು ನಮಗೆ ತಿಳಿಯುತ್ತಿತ್ತೇ? ಮುಕ್ತಾಯಕ್ಕನು ಪ್ರಭುದೇವರನ್ನೇ ಎದುರಿಸಿ ಕೇಳುವಳು. ಆಯ್ದಕ್ಕಿ ಲಕ್ಕಮ್ಮನು ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದ ಗಂಡನನ್ನು ತಿದ್ದುವಳು. ಶರಣರನ್ನು ಪ್ರಶ್ನಿಸಿದ ಮಾತನ್ನೆಲ್ಲ ಬೀರುವಿನೊಳಗೆ ಸೇರಿಸಬೇಕೆಂದರೆ ನಾವು ಮೊದಲು ಬೀಗ ಹಾಕಬೇಕಾದದ್ದು ಶೂನ್ಯಸಂಪಾದನೆಗೆ!

ಮುದ್ರಣದ ಕಾಲಕ್ಕೆ ಬರುವೆನು. ಧಾರವಾಡದಲ್ಲಿ ಹುಟ್ಟಿ ವಿಜಯಪುರದಲ್ಲಿ ವಕೀಲರಾಗಿದ್ದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರನ್ನು ಸ್ಮರಿಸದೆ ಯಾವ ಲಿಂಗಾಯತ ಗ್ರಂಥಾಲಯವನ್ನೂ ತೆರೆಯಲಾಗದು. ಊರೂರು ಸುತ್ತಿ, ಮನೆಗಳಲ್ಲಿಯೂ ಮಠಗಳಲ್ಲಿಯೂ ಜಗುಲಿಯ ಮೇಲಿದ್ದ ಕಟ್ಟುಗಳನ್ನು ಬೇಡಿ ತಂದು, ನಕಲು ಮಾಡಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವನ್ನು ಹೊರತಂದರು. ಮಂಗಳೂರಿಗೆ ಕಳುಹಿಸಿದ ಅವರ ಹಸ್ತಪ್ರತಿಯು ಅಚ್ಚಾಗದೆ ಹಿಂದಿರುಗಿತೆಂದೂ, ಕಡೆಗೆ ಬೆಳಗಾವಿಯ ಮುದ್ರಣಾಲಯದಲ್ಲಿ ಅಚ್ಚಾಯಿತೆಂದೂ ಬಲ್ಲವರು ಹೇಳುವರು. ಅನ್ಯರ ಮುದ್ರಣಾಲಯವನ್ನು ನೆಚ್ಚಿಕೊಂಡರೆ ಆಗದೆಂದು ಕಂಡು, ತಮ್ಮ ಮನೆಯನ್ನು ಮಾರಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಿಂದ ‘ಶಿವಾನುಭವ’ ಪತ್ರಿಕೆಯನ್ನು ನಡೆಯಿಸಿದರು. ಆಗ ಅವರಿಗೆ ಎದುರಾದ ತೊಡಕುಗಳಲ್ಲಿ ನಮ್ಮವರದೇ ಒಂದು ಆಕ್ಷೇಪವಿದ್ದಿತು. ವಚನಗಳು ಅನುಭಾವದ ಗುಟ್ಟು, ಅವನ್ನು ಅಚ್ಚುಹಾಕಿಸಿ ಪೇಟೆಯಲ್ಲಿ ಮಾರುವುದೇ? ದೀಕ್ಷೆಯಿಲ್ಲದವರ ಕೈಗೂ ಹೋಗುವುದಲ್ಲವೇ? ಎಂಬ ಶಂಕೆಯು ಭಕ್ತರಲ್ಲಿ ಬಲವಾಗಿಯೇ ಇತ್ತು. ಹಳಕಟ್ಟಿಯವರು ಆ ಶಂಕೆಗೆ ಮಣಿದಿದ್ದರೆ ಇಂದು ಈ ಚಪ್ಪರದ ಕೆಳಗೆ ಕುಳಿತ ತಾಯಂದಿರಿಗೆ ಬಸವಣ್ಣನವರ ಹತ್ತು ವಚನಗಳಾದರೂ ಕಂಠಪಾಠವಾಗಿರುತ್ತಿದ್ದುವೇ?

ಅಧಿಕಾರಭೇದದ ಈ ಮಾತು ಸಮಿತಿಯಲ್ಲಿಯೂ ಬಂದಿತು. ಪಕ್ವವಾದವರು ಏನನ್ನಾದರೂ ಓದಲಿ, ಎಳೆಯ ಮನಸ್ಸಿನವರಿಗೆ ಎಲ್ಲವೂ ಸಲ್ಲದು, ದಾಸೋಹದ ಪಂಕ್ತಿಯಲ್ಲಿ ವಿಷವನ್ನು ಬಡಿಸುವೆವೇ ಎಂದು ಹಿರಿಯರೊಬ್ಬರು ಕೇಳಿದರು. ಉಪಮಾನವು ನನಗೂ ಮೊದಲು ಸರಿಯೆಂದೇ ತೋರಿತು. ಮನೆಗೆ ಹೋಗಿ ಯೋಚಿಸಿದಾಗ ಒಂದು ಸಂದೇಹ ಹುಟ್ಟಿತು. ಅನ್ನದಲ್ಲಿ ವಿಷವಿದ್ದರೆ ಉಂಡವರೆಲ್ಲರೂ ಮಲಗುವರು. ಈ ಪುಸ್ತಕಗಳನ್ನು ಓದಿ ಅವು ವಿಷವೆಂದು ತೀರ್ಮಾನಿಸಿದ ಹಿರಿಯರಾದರೋ ಈಶ್ವರಕೃಪೆಯಿಂದ ಆರೋಗ್ಯವಾಗಿಯೇ ಇರುವರು, ಅವರ ಭಕ್ತಿಯೂ ಎಳ್ಳಷ್ಟು ಕುಗ್ಗಿಲ್ಲ! ಅವರಿಗೆ ಪಚನವಾದುದು ಇತರರಿಗೆ ಆಗದೆಂದು ಹೇಗೆ ತಿಳಿಯುವುದು? ಇನ್ನೊಂದು ಮಾತನ್ನೂ ಹೇಳಿಬಿಡುವೆನು. ಒಂಬತ್ತನ್ನೂ ಓದಿದವರು ಯಾರೆಂದು ಆ ಸಭೆಯಲ್ಲಿ ಕೇಳಲಾಯಿತು. ಒಬ್ಬರೂ ಇರಲಿಲ್ಲ, ಆ ಒಬ್ಬರೂ ಇಲ್ಲದವರಲ್ಲಿ ನಾನೂ ಸೇರಿದ್ದೆನು. ಆಮೇಲೆ ಎರಡು ತಿಂಗಳಲ್ಲಿ ಅವುಗಳನ್ನೆಲ್ಲ ಓದಿದೆನು. ಎರಡು ಪುಸ್ತಕಗಳು ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಒಂದಂತೂ ಆಧಾರವಿಲ್ಲದ ಊಹೆಗಳ ಕಂತೆ; ಓದುತ್ತ ಓದುತ್ತ ಕೈಯಲ್ಲಿದ್ದುದನ್ನು ಎಸೆಯಬೇಕೆಂಬಷ್ಟು ಕೋಪ ಬಂದಿತು. ಆ ಕೋಪದಿಂದ ಒಂದು ಪ್ರಯೋಜನವಾಯಿತು. ಲೇಖಕರು ಹೇಳಿದ್ದು ತಪ್ಪೆಂದು ತೋರಿಸಲು ನಾನು ಹಳೆಯ ಪುರಾಣಗಳನ್ನೂ ಶಾಸನಗಳನ್ನೂ ತೆಗೆದು ನೋಡಬೇಕಾಯಿತು. ನನ್ನ ನಂಬಿಕೆಯಲ್ಲಿ ಮೂರು ಸಂಗತಿಗಳಿಗೆ ನನ್ನಲ್ಲಿಯೂ ಆಧಾರವಿರಲಿಲ್ಲವೆಂದು ಆಗ ತಿಳಿಯಿತು.

ಇನ್ನು ಹೇಳಲು ಕಷ್ಟವಾದ, ಆದರೆ ಬಿಡಲಾಗದ ಮಾತು. ಪುಸ್ತಕಗಳನ್ನು ತಡೆಯಬೇಕೆಂಬ ಕೂಗಿನಲ್ಲಿ ಕಳೆದ ನಾಲ್ಕು ದಶಕಗಳಲ್ಲಿ ನಮ್ಮ ಸಮಾಜದ ಧ್ವನಿ ಕೇಳಿಬಂದಿದೆ. 1989ರಲ್ಲಿ ಡಾಕ್ಟರ್ ಎಂ. ಎಂ. ಕಲಬುರ್ಗಿಯವರ ‘ಮಾರ್ಗ’ದ ಮೊದಲ ಸಂಪುಟದ ಕೆಲವು ಲೇಖನಗಳ ವಿಷಯವಾಗಿ ಗದ್ದಲವೆದ್ದು, ಅವರು ತಮ್ಮ ಅಭಿಪ್ರಾಯಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ಅದು ತಮ್ಮ ಬೌದ್ಧಿಕ ಆತ್ಮಹತ್ಯೆಯೆಂದು ಅವರು ನೊಂದು ಹೇಳಿದರು. ಅದೇ ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ಕರ್ನಾಟಕ ಸರಕಾರವು ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಪ್ರಕಟಿಸಿತು. ಇಂದು ನಾವು ಯಾವುದಾದರೊಂದು ವಚನದ ಶುದ್ಧ ಪಾಠವನ್ನು ನೋಡಬೇಕಾದರೆ ತೆರೆಯುವುದು ಆ ಸಂಪುಟಗಳನ್ನೇ. ಶರಣರ ವೈರಿಯೆಂದು ನಾವು ಬೊಬ್ಬಿಟ್ಟ ಮನುಷ್ಯನು ಶರಣರ ಮಾತನ್ನು ಅಕ್ಷರಕ್ಷರವಾಗಿ ಶೋಧಿಸಿ ನಮ್ಮ ಮಕ್ಕಳ ಕೈಗಿತ್ತನು. ‘ಮಾರ್ಗ’ದ ನಾಲ್ಕನೆಯ ಸಂಪುಟಕ್ಕೆ 2006ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯಲ್ಲಿಯೇ ಅವರು ಗುಂಡಿಗೆ ಬಲಿಯಾದರು. ಆ ಕೊಲೆಗೂ ಹಿಂದಿನ ಗದ್ದಲಕ್ಕೂ ಗಂಟುಹಾಕುವುದು ನನ್ನ ಉದ್ದೇಶವಲ್ಲ. ಆದರೆ ಆ ದಿನ ನಮ್ಮಲ್ಲಿ ಕಣ್ಣೀರಿಟ್ಟವರು ಎಷ್ಟೋ ಜನ. 1989ರಲ್ಲಿ ಅವರ ಪಕ್ಕದಲ್ಲಿ ನಿಂತವರು ಎಷ್ಟು ಜನ?

1995ರಲ್ಲಿ ಪಿ. ವಿ. ನಾರಾಯಣರ ‘ಧರ್ಮಕಾರಣ’ವೆಂಬ ಕಾದಂಬರಿ ಹೊರಟಿತು. ಅದರಲ್ಲಿ ಬಸವಣ್ಣನವರ ಅಕ್ಕನ ಚಿತ್ರಣದಿಂದ ನೋವಾಯಿತೆಂದು ಆಕ್ಷೇಪಗಳೆದ್ದು ಸರಕಾರವು ಅದನ್ನು ಮುಟ್ಟುಗೋಲು ಹಾಕಿಕೊಂಡಿತು. 2007ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಕ್ರಮವನ್ನು ಎತ್ತಿಹಿಡಿಯಿತು. ಎಚ್. ಎಸ್. ಶಿವಪ್ರಕಾಶರ ‘ಮಹಾಚೈತ್ರ’ ನಾಟಕದ ಮೇಲೂ ಅದೇ ಕಾಲದಲ್ಲಿ ಕೂಗೆದ್ದಿತು. ಇದಾದ ಬಳಿಕ ಅದೇ ಖಡ್ಗವು ನಮ್ಮ ಕಡೆಗೇ ತಿರುಗಿತು. ಲಿಂಗೈಕ್ಯ ಮಾತೆ ಮಹಾದೇವಿಯವರು ತಮ್ಮ ‘ಬಸವ ವಚನ ದೀಪ್ತಿ’ಯಲ್ಲಿ ‘ಕೂಡಲಸಂಗಮದೇವ’ ಎಂಬ ಅಂಕಿತಕ್ಕೆ ಬದಲಾಗಿ ‘ಲಿಂಗದೇವ’ ಎಂದು ಹಾಕಿದರು. ಅದನ್ನೂ 1998ರಲ್ಲಿ ಸರಕಾರವು ಮುಟ್ಟುಗೋಲು ಹಾಕಿಕೊಂಡಿತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನೂ ಎತ್ತಿಹಿಡಿಯಿತು. ನ್ಯಾಯಾಲಯದ ತೀರ್ಪಿಗೆ ನಾನು ತಲೆಬಾಗುವೆನು. ವಚನಕಾರರ ಅಂಕಿತವನ್ನು ಅನ್ಯರು ಬದಲಿಸುವುದು ತಪ್ಪೆಂದು ದೃಢವಾಗಿ ನಂಬಿದವರಲ್ಲಿಯೂ ನಾನೊಬ್ಬನು. ಆದರೆ ಅದು ತಪ್ಪೆಂದು ಒಬ್ಬ ವಿದ್ಯಾರ್ಥಿಗೆ ತೋರಿಸಬೇಕಾದರೆ ತಿದ್ದಿದ ಪಾಠವನ್ನೂ ಮೂಲಪಾಠವನ್ನೂ ಅವನೆದುರಿಗೆ ಇಡಬೇಕಲ್ಲವೇ? ಒಂದನ್ನು ಕಸಿದುಕೊಂಡ ಮೇಲೆ ಅವನಿಗೆ ಉಳಿಯುವುದು ನನ್ನ ಮಾತಿನ ಮೇಲಣ ನಂಬಿಕೆ ಮಾತ್ರ.

ಈ ಮುಟ್ಟುಗೋಲಿನ ಅಧಿಕಾರವು ಪರದೇಶದ ಆಳರಸರಿಂದ ನಮಗೆ ಬಂದ ಬಳುವಳಿ. ಇದರ ಫಲವೇನಾಗುವುದೆಂಬುದಕ್ಕೆ ಅವರ ಕಾಲದ ಒಂದು ಪ್ರಸಂಗವನ್ನು ಹೇಳುವೆನು. ಧಾರವಾಡ, ಬೆಳಗಾವಿ, ವಿಜಯಪುರಗಳು ಆಗ ಮುಂಬಯಿ ಇಲಾಖೆಗೆ ಸೇರಿದ್ದುವು. ಆ ಇಲಾಖೆಯ ಸರಕಾರವು 1910ರಲ್ಲಿ ಮಹಾತ್ಮಾ ಗಾಂಧಿಯವರ ‘ಹಿಂದ್ ಸ್ವರಾಜ್’ ಗ್ರಂಥವನ್ನು ತಡೆಯಿತು. 1919ರ ಏಪ್ರಿಲ್ 6ರಂದು, ಸತ್ಯಾಗ್ರಹದ ದಿನ, ಗಾಂಧಿಯವರೂ ಸರೋಜಿನೀ ನಾಯಿಡು ಅವರೂ ಮುಂಬಯಿಯ ಬೀದಿಗಳಲ್ಲಿ ಆ ಪುಸ್ತಕವನ್ನೂ ‘ಸರ್ವೋದಯ’ವನ್ನೂ ಹಿಡಿದು ತಾವೇ ಮಾರಿದರು. ಬೆಲೆ ನಾಲ್ಕಾಣೆ. ನಾಲ್ಕಾಣೆಯನ್ನು ಮಾತ್ರ ಕೊಟ್ಟವರು ವಿರಳ. ಜೇಬಿನಲ್ಲಿದ್ದುದನ್ನೆಲ್ಲ ಸುರಿದು ಕೊಂಡವರೇ ಹೆಚ್ಚು. ಒಬ್ಬರು ಒಂದು ಪ್ರತಿಗೆ ಐವತ್ತು ರೂಪಾಯಿಗಳನ್ನಿತ್ತರು. ಕಡೆಗೆ ಸರಕಾರವು, ಮಾರಿದ್ದು ಹೊಸ ಮುದ್ರಣವಾದುದರಿಂದ ಅದು ನಿಷಿದ್ಧ ಗ್ರಂಥವೇ ಅಲ್ಲವೆಂದು ಹೇಳಿ ಕೈತೊಳೆದುಕೊಂಡಿತು! ತಡೆಯದೆ ಬಿಟ್ಟಿದ್ದರೆ ಅಷ್ಟು ಜನ ಆ ಪುಸ್ತಕವನ್ನು ಒಂದೇ ಸಂಜೆಯಲ್ಲಿ ಕೊಳ್ಳುತ್ತಿದ್ದರೆಂದು ನನಗೆ ತೋರುವುದಿಲ್ಲ.

ಗ್ರಂಥಾಲಯದ ಕಪಾಟಿನಿಂದಲೇ ಪುಸ್ತಕವನ್ನು ತೆಗೆಯಿಸುವ ರೋಗವು ಸ್ವತಂತ್ರ ದೇಶಗಳಿಗೂ ಬಿಟ್ಟಿಲ್ಲ. ಅಮೇರಿಕೆಯ ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ ಕರ್ನ್ ಎಂಬ ಜಿಲ್ಲೆಯಿದೆ. ಬರಗಾಲದಿಂದ ಊರು ಬಿಟ್ಟು ಕೂಲಿಗಾಗಿ ಅಲ್ಲಿಗೆ ಬಂದ ಬಡ ಒಕ್ಕಲಿಗರ ಪಾಡನ್ನು ಜಾನ್ ಸ್ಟೈನ್‌ಬೆಕ್ 1939ರಲ್ಲಿ ‘ದಿ ಗ್ರೇಪ್ಸ್ ಆಫ್ ರಾತ್’ ಎಂಬ ಕಾದಂಬರಿಯಲ್ಲಿ ಬರೆದರು. ತಮ್ಮ ಊರಿನ ಹೆಸರು ಕೆಟ್ಟಿತೆಂದು ಅಲ್ಲಿಯ ದೊಡ್ಡ ಜಮೀನುದಾರರಿಗೆ ಸಿಟ್ಟು ಬಂದಿತು. ಅದೇ ವರ್ಷದ ಆಗಸ್ಟಿನಲ್ಲಿ ಜಿಲ್ಲೆಯ ಆಡಳಿತ ಮಂಡಲಿಯು ಆ ಪುಸ್ತಕವನ್ನು ಜಿಲ್ಲೆಯ ಗ್ರಂಥಾಲಯಗಳಿಂದಲೂ ಶಾಲೆಗಳಿಂದಲೂ ತೆಗೆಯಬೇಕೆಂದು ಠರಾವು ಮಾಡಿತು. ಅಲ್ಲಿಯ ಗ್ರಂಥಪಾಲಿಕೆಯು ಆಡಳಿತದ ನೌಕರಳಾದುದರಿಂದ ಆಜ್ಞೆಯನ್ನು ಪಾಲಿಸಿದಳು. ಪಾಲಿಸುವುದಕ್ಕೆ ಮೊದಲು, ಇದು ಅಪಾಯದ ದಾರಿಯೆಂದು ಮಂಡಲಿಗೆ ಕಾಗದ ಬರೆದಳು. 1941ರಲ್ಲಿ ಆ ತಡೆಯು ತೆಗೆದುಹೋಯಿತು. 1962ರಲ್ಲಿ ಗ್ರಂಥಕರ್ತನಿಗೆ ನೊಬೆಲ್ ಪಾರಿತೋಷಕ ಬಂದಿತು. ಊರಿನ ಹೆಸರನ್ನು ಕಾಯಲು ಹೊರಟ ಮಂಡಲಿಗೆ ಇಂದು ಯಾವ ಹೆಸರು ಉಳಿದಿದೆ? ಆ ತಡೆಯ ಹೆಸರು ಮಾತ್ರ.

ನಮ್ಮ ದೇಶದಲ್ಲಿ ಗ್ರಂಥಾಲಯ ಶಾಸ್ತ್ರದ ಆಚಾರ್ಯರಾದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಆ ಶಾಸ್ತ್ರಕ್ಕೆ ಐದು ಸೂತ್ರಗಳನ್ನು ಹೇಳಿದರು. ನಮ್ಮ ಪಂಚಾಚಾರಗಳಂತೆ ಅವೂ ಐದೇ. ಪುಸ್ತಕವಿರುವುದು ಬಳಕೆಗಾಗಿ ಎಂಬುದೂ, ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕವೂ ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗನೂ ದೊರೆಯಬೇಕೆಂಬುದೂ ಅವುಗಳ ಸಾರಭಾಗ. ಬೆಂಗಳೂರಿನಲ್ಲಿ ಬಾಳಿ ಅಲ್ಲಿಯೇ 1972ರಲ್ಲಿ ತೀರಿಕೊಂಡ ಈ ಮಹನೀಯರ ಪ್ರಭಾವದಿಂದ ಎಷ್ಟೋ ರಾಜ್ಯಗಳಲ್ಲಿ ಗ್ರಂಥಾಲಯದ ಕಾಯಿದೆಗಳಾದುವು. ನಮ್ಮ ರಾಜ್ಯದ ಕಾಯಿದೆಯು 1965ರದು. ಮನೆಯ ಕಂದಾಯ ಕಟ್ಟುವ ಪ್ರತಿಯೊಬ್ಬನೂ ಅದರೊಡನೆ ಗ್ರಂಥಾಲಯದ ಕರವನ್ನೂ ಕಟ್ಟುತ್ತಾನೆ. ಎಲ್ಲರೂ ಕೊಟ್ಟ ಹಣದಿಂದ ನಡೆಯುವ ಕಪಾಟಿನ ಮೇಲೆ ಒಬ್ಬನ ರುಚಿಯ ಬೀಗ ಬೀಳಬಾರದೆಂಬುದು ಇದರಿಂದ ಸಹಜವಾಗಿಯೇ ಹೊರಡುತ್ತದೆ. ಶ್ರೀಮಠದ ಗ್ರಂಥಾಲಯವು ಸರಕಾರದ್ದಲ್ಲ, ನಿಜ. ಆದರೆ ಇದಕ್ಕೆ ಬಂದ ಕಾಣಿಕೆಯ ಪಟ್ಟಿಯನ್ನು ನಾನು ನೋಡಿದ್ದೇನೆ. ಲಕ್ಷ ಕೊಟ್ಟವರು ನಾಲ್ವರು. ಉಳಿದುದು ಊರೂರಿನ ಭಕ್ತರು ಜೋಳದ ರಾಶಿಯ ಕಾಲದಲ್ಲಿ ಕೊಟ್ಟ ಧಾನ್ಯವನ್ನು ಮಾರಿ ಬಂದ ಹಣ.

ನಮ್ಮ ಅಟ್ಟದ ಸಂಗತಿಯನ್ನೂ ತಮಗೆ ತಿಳಿಸಬೇಕು. ಈ ಗ್ರಂಥಾಲಯದ ಸಿದ್ಧತೆಗಾಗಿ ಶ್ರೀಗಳವರ ಅಪ್ಪಣೆ ಪಡೆದು ಗದ್ದುಗೆಯ ಹಿಂದಿನ ಅಟ್ಟವನ್ನು ಶುಚಿಮಾಡಿಸಿದೆವು. ಕಾವಿಯ ವಸ್ತ್ರದಲ್ಲಿ ಸುತ್ತಿದ ಹನ್ನೆರಡು ಕಟ್ಟುಗಳು ದೊರೆತವು. ವರ್ಷಕ್ಕೊಮ್ಮೆ ಮಹಾನವಮಿಯಲ್ಲಿ ಇಳಿಸಿ, ವಿಭೂತಿ ಹಚ್ಚಿ, ಪತ್ರಿಪುಷ್ಪಗಳಿಂದ ಪೂಜಿಸಿ, ಹಾಗೆಯೇ ಮೇಲಿಡುವ ಸಂಪ್ರದಾಯವಿತ್ತು. ಬಿಚ್ಚಬಾರದು, ಬಿಚ್ಚಿದರೆ ಅರಿಷ್ಟವೆಂದು ಹೇಳುತ್ತಿದ್ದರು. ಹನ್ನೆರಡರಲ್ಲಿ ಏಳು ಚೆನ್ನಾಗಿದ್ದುವು. ಎಣ್ಣೆ ಸವರಿ, ಮಸಿ ಹಚ್ಚಿದಾಗ ಅಕ್ಷರಗಳು ಎದ್ದು ಬಂದುವು. ಮೂರರಲ್ಲಿ ಅರ್ಧರ್ಧ ಗರಿಗಳು ಉಳಿದಿದ್ದುವು. ಇನ್ನೆರಡನ್ನು ಬಿಚ್ಚಿದಾಗ ಮರದ ಪಟ್ಟಿಗಳ ನಡುವೆ ಇದ್ದುದು ಗೆದ್ದಲಿನ ಮಣ್ಣು. ಎಷ್ಟು ವರ್ಷಗಳಿಂದ ನಾವು ಆ ಮಣ್ಣಿಗೆ ಪತ್ರಿ ಏರಿಸುತ್ತಿದ್ದೆವೋ ಶಿವನೇ ಬಲ್ಲನು. ಆ ಎರಡು ಕಟ್ಟುಗಳಲ್ಲಿ ಯಾರ ವಚನಗಳಿದ್ದುವು? ಬೇರೆಲ್ಲಿಯೂ ಸಿಕ್ಕದ ಶರಣೆಯೊಬ್ಬಳ ಮಾತೇನಾದರೂ ಇದ್ದಿತೇ? ಅದನ್ನು ಸುಟ್ಟವರು ಯಾರೂ ಇಲ್ಲ, ನಿಷೇಧಿಸಿದವರೂ ಇಲ್ಲ. ಓದುವವನ ಕೈಗೆ ಕೊಡದೆ ಭಕ್ತಿಯಿಂದ ಬೀಗ ಹಾಕಿದವರು ನಾವೇ. ಆ ಮಣ್ಣನ್ನು ಕಂಡ ದಿನದಿಂದ ನನಗೆ ಬೀರುವಿನ ಮಾತೆಂದರೆ ಮೈ ಜುಮ್ಮೆನ್ನುವುದು.

ಮಕ್ಕಳ ವಿಷಯವಾಗಿ ಒಂದು ಮಾತು. ತನ್ನ ಮಗು ಏನನ್ನು ಓದಬೇಕೆಂದು ತಾಯಿಯು ನೋಡಿಕೊಳ್ಳುವುದು ಸರಿಯೇ. ಪಾಠಶಾಲೆಯ ಗುರುಗಳು ವಯಸ್ಸಿಗೆ ತಕ್ಕ ಪುಸ್ತಕವನ್ನು ಆರಿಸಿಕೊಡುವುದೂ ಸರಿಯೇ. ಅದಕ್ಕಾಗಿಯೇ ಮಕ್ಕಳ ಕೊಠಡಿಯನ್ನು ಬೇರೆಯಾಗಿ ಕಟ್ಟಿಸಲಾಗಿದೆ. ಆದರೆ ಒಬ್ಬ ತಾಯಿಯು ತನ್ನ ಮಗುವಿಗಾಗಿ ಮಾಡುವ ನಿರ್ಧಾರವನ್ನು ಏಳು ಮಂದಿಯ ಸಮಿತಿಯು ಏಳು ಹಳ್ಳಿಗಳ ಬೆಳೆದ ಜನಕ್ಕಾಗಿ ಮಾಡುವುದು ಬೇರೆಯ ಮಾತು. ಅನುಮತಿಪತ್ರದ ಏರ್ಪಾಡಂತೂ ಇನ್ನೂ ಕೆಟ್ಟದ್ದೆಂದು ನನಗೆ ತೋರುವುದು. ಪದವಿಯ ತರಗತಿಯಲ್ಲಿ ಓದುತ್ತಿರುವ ಹುಡುಗಿಯೊಬ್ಬಳು, ತನ್ನ ತಂದೆಯ ವಯಸ್ಸಿನ ಏಳು ಮಂದಿ ಗಂಡಸರ ಮುಂದೆ ನಿಂತು, ಇಂತಹ ಪುಸ್ತಕ ಬೇಕೆಂದು ಕಾರಣ ಸಹಿತ ಕೇಳಿಯಾಳೇ? ಕೇಳಲಾರಳು. ಪುಸ್ತಕವು ಇದ್ದೂ ಇಲ್ಲದಂತಾಗುವುದು. ನಾವು ಏನನ್ನೂ ನಿಷೇಧಿಸಿಲ್ಲವೆಂದು ಹೇಳಿಕೊಳ್ಳುವ ಸಮಾಧಾನ ಮಾತ್ರ ನಮಗೆ ಉಳಿಯುವುದು.

ಗದುಗಿನ ತೋಂಟದಾರ್ಯ ಮಠದಲ್ಲಿದ್ದು 2018ರಲ್ಲಿ ಲಿಂಗೈಕ್ಯರಾದ ಸಿದ್ಧಲಿಂಗ ಮಹಾಸ್ವಾಮಿಗಳವರನ್ನು ಜನರು ಪ್ರೀತಿಯಿಂದ ‘ಪುಸ್ತಕದ ಸ್ವಾಮಿಗಳು’ ಎಂದು ಕರೆದರು. ನಾಡಿನ ವಿದ್ವಾಂಸರಿಂದ ಬರೆಯಿಸಿ, ಮಠದಿಂದಲೇ ನೂರಾರು ಗ್ರಂಥಗಳನ್ನು ಅಚ್ಚುಹಾಕಿಸಿದ ಅವರಿಗೆ ಆ ಹೆಸರು ಯಾವ ಬಿರುದಿಗಿಂತಲೂ ಮೇಲಾಗಿತ್ತು. ನಮ್ಮ ಶ್ರೀಸನ್ನಿಧಿಯವರೂ ಅದೇ ಹಾದಿಯಲ್ಲಿ ನಡೆದಿರುವುದರಿಂದಲೇ ನಾನಿಷ್ಟು ಬಿಚ್ಚುಮನಸ್ಸಿನಿಂದ ಮಾತನಾಡುವ ಧೈರ್ಯ ಮಾಡಿದೆನು.

ನನ್ನ ಬಿನ್ನಹ ಇಷ್ಟೇ. ಆ ಒಂಬತ್ತು ಪುಸ್ತಕಗಳು ಅವುಗಳ ವಿಷಯಕ್ಕೆ ತಕ್ಕ ಕಪಾಟಿನಲ್ಲಿ ಉಳಿದವುಗಳೊಡನೆ ಇರಲಿ. ಅವುಗಳಲ್ಲಿ ತಪ್ಪಿದೆಯೆಂದು ತೋರಿದ ಹಿರಿಯರು ಆ ತಪ್ಪುಗಳನ್ನು ಆಧಾರಸಹಿತವಾಗಿ ಬರೆದುಕೊಡಲಿ. ಅದನ್ನು ಶ್ರೀಮಠದ ಗ್ರಂಥಮಾಲೆಯಲ್ಲಿ ಅಚ್ಚುಹಾಕಿಸಿ ಅದೇ ಕಪಾಟಿನಲ್ಲಿ ಪಕ್ಕದಲ್ಲಿಯೇ ಇಡೋಣ. ಪ್ರತಿಗಳನ್ನು ತಿದ್ದುವ ಕೆಲಸವನ್ನು ನಾನು ವೇತನವಿಲ್ಲದೆ ಮಾಡಿಕೊಡುವೆನು. ಸಮಿತಿಗಾಗಿ ತರಿಸಿದ ಬೀರುವು ಗಟ್ಟಿಮುಟ್ಟಾದ ಉಕ್ಕಿನದು, ಗೆದ್ದಲು ಹತ್ತುವುದಿಲ್ಲ. ಅಟ್ಟದಿಂದ ಇಳಿಸಿದ ಏಳು ಕಟ್ಟುಗಳನ್ನೂ ಮೂರು ಅರೆ ಕಟ್ಟುಗಳನ್ನೂ ಅದರಲ್ಲಿಡಬಹುದು, ಅವುಗಳ ನಕಲುಗಳನ್ನು ಮೇಜಿನ ಮೇಲಿಡಬಹುದು. ಅದರ ಬೀಗದ ಕೈಯು ಕಾರ್ಯದರ್ಶಿಗಳ ಬಳಿಯಲ್ಲಿದೆ. ನಾಳೆ ಬೆಳಗ್ಗೆ ಎಂಟು ಗಂಟೆಗೆ ಬಾಗಿಲು ತೆರೆಯುವ ಮೊದಲು ಶ್ರೀಗಳವರ ಅಪ್ಪಣೆಯು ಹೇಗಾಗುವುದೋ ಹಾಗೆ ನಡೆದುಕೊಳ್ಳುವೆವು.